ಎರಡೇ ಸೀಟು

"ಇನ್ನರ್ಧ ಗಂಟೆ, ಮೇಡಂ," ಎಂದು ಕೌಂಟರಿನ ಹುಡುಗಿ ಮತ್ತೆ ಹೇಳಿದಳು. ಬೆಳಿಗ್ಗೆಯಿಂದ ಅದೇ ಮಾತು, ಅದೇ ನಗು. ನಗು ಮಾತ್ರ ಹೊತ್ತೇರಿದ ಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ಬಾಡುತ್ತಿತ್ತು.

"ನಿಮ್ಮ ಅರ್ಧ ಗಂಟೆಗೆ ಎಷ್ಟು ನಿಮಿಷ?" ಎಂದು ರೈಟಕ್ಕ ಕೇಳಿದಳು.

ಹಿಂದೆ ನಿಂತಿದ್ದ ಟೈ ಕಟ್ಟಿದವನೊಬ್ಬ ಕಿಸಕ್ಕನೆ ನಕ್ಕ. ಹುಡುಗಿ ಪರದೆಯ ಮೇಲೆ ಕಣ್ಣು ನೆಟ್ಟು, "ತಾಂತ್ರಿಕ ಕಾರಣ ಮೇಡಂ," ಎಂದಳು.

"ಯಾಕೆ ಹೊರಟಿಲ್ಲ ಅಂದ್ರೆ ತಾಂತ್ರಿಕ ಕಾರಣ ಅಂತೀರಿ. ತಾಂತ್ರಿಕ ಕಾರಣ ಅಂದ್ರೆ ಏನು ಅಂದ್ರೆ ಅರ್ಧ ಗಂಟೆ ಅಂತೀರಿ. ನೋಡಮ್ಮ, ವಿಮಾನ ಇದೆಯೋ ಇಲ್ವೋ, ಅದೊಂದು ಹೇಳಿಬಿಡಿ. ಇಲ್ಲ ಅಂದ್ರೆ ಇಲ್ಲ. ನಾವೇನು ಹಾರಿ ಹೋಗಲ್ಲ."

ಈ ಸಲ ಇನ್ನೂ ನಾಲ್ಕಾರು ಜನ ನಕ್ಕರು. ರೈಟಕ್ಕನಿಗೆ ನಗು ಬರಲಿಲ್ಲ.

ರೈಟಕ್ಕ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಬಸ್ಸಿನ ಜನ ಇಟ್ಟದ್ದು. ಮದುವೆಯಾದ ಹೊಸದರಲ್ಲೇ ಸಿಟಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಸೇರಿದವಳು. ಹಿಂಬಾಗಿಲಲ್ಲಿ ನಿಂತು "ರೈಟ್!" ಎಂದರೆ ಡ್ರೈವರ್ ಇರಲಿ, ಪಕ್ಕದ ಬಸ್ಸಿನ ಡ್ರೈವರೂ ಗೇರು ಹಾಕುತ್ತಿದ್ದ. ಡಿಪೋದಿಂದ ದೊಡ್ಡಾಸ್ಪತ್ರೆಯ ಗೇಟಿಗೆ, ಗೇಟಿನಿಂದ ಡಿಪೋಗೆ. ತಲೆ ನರೆಯುವ ತನಕ ಅದೇ ದಾರಿ. ದಿನಾ ಪ್ರಯಾಣ ಮಾಡುವವಳು, ಎಲ್ಲಿಗೂ ಹೋದವಳಲ್ಲ. ನಡುದಾರಿಯಲ್ಲಿ ಗಾಡಿ ಕೆಟ್ಟರೆ ಮೆಟ್ಟಿಲ ಮೇಲೆ ನಿಂತು, "ಗಾಡಿ ಕೆಟ್ಟಿದೆ, ಹೋಗಲ್ಲ, ಇಳೀರಿ, ಹಿಂದಿನ ಬಸ್ಸಿಗೆ ಹತ್ತಿಸ್ತೀನಿ" ಎಂದು ಸಾರುತ್ತಿದ್ದಳು. ಜನ ಬಾಯಿಗೆ ಬಂದದ್ದು ಬೈಯುತ್ತಿದ್ದರು. ಬೈಸಿಕೊಳ್ಳುತ್ತಿದ್ದಳು. ಆದರೆ ಹೋಗದ ಗಾಡಿಯನ್ನು ಹೋಗುತ್ತದೆಂದು ಹೇಳಿ ಒಬ್ಬರನ್ನೂ ಬಿಸಿಲಲ್ಲಿ ಕೂರಿಸಿದವಳಲ್ಲ.

ಶನಿವಾರ ಭಾನುವಾರ ಎರಡೂ ದಿನ ರಜೆ ಬೇಕೆಂದು ಅವಳು ಜೊತೆಯವರ ಹಬ್ಬಹುಣ್ಣಿಮೆಯ ಪಾಳಿಗಳನ್ನೆಲ್ಲ ತಾನು ಹೊತ್ತಿದ್ದಳು. ಸಮುದ್ರ ನೋಡಬೇಕು, ಅದೂ ವಿಮಾನದಲ್ಲಿ ಹೋಗಿ ನೋಡಬೇಕು ಎಂಬುದು ಅವಳದೇ ಹುಚ್ಚು. ಶನಿವಾರ ಬೆಳಿಗ್ಗೆ ಹೊರಟು, ಒಂದು ರಾತ್ರಿ ಕಡಲ ದಂಡೆಯ ಹೋಟೆಲಿನಲ್ಲಿ ಉಳಿದು, ಭಾನುವಾರ ಸಂಜೆ ವಾಪಸು. ಅತ್ತೆಯನ್ನು ಒಬ್ಬರನ್ನೇ ಮನೆಯಲ್ಲಿ ಬಿಡುವುದು ಬೇಡವೆಂದು ಅವರನ್ನೂ ಹೊರಡಿಸಿದ್ದಳು. ಈಗ ಮಧ್ಯಾಹ್ನದ ಊಟದ ಹೊತ್ತೂ ಮೀರಿತ್ತು.

"ಏನಂತೆ?" ಎಂದು ಗಂಡ ಪಕ್ಕಕ್ಕೆ ಬಂದು ಕೇಳಿದ. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನಯವಾದ ಮನುಷ್ಯ. ಪಕ್ಕದ ಮನೆಯವನು ಇವರ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೆ "ಹೋಗ್ಲಿ ಬಿಡು." ಅಂಗಡಿಯವನು ಕೊಳೆತದ್ದು ತುಂಬಿಕೊಟ್ಟರೆ "ಹೋಗ್ಲಿ ಬಿಡು." ಊರಿಗೆಲ್ಲ ಅವನು ದೇವರಂಥವನು. ಆದರೆ ಊರಿಗೆ ಬಿಟ್ಟುಕೊಟ್ಟದ್ದೆಲ್ಲ ಮನೆಯವರ ಪಾಲಿನದು ಎನ್ನುವುದು ರೈಟಕ್ಕನಿಗೆ ಮಾತ್ರ ಗೊತ್ತಿತ್ತು.

"ಅರ್ಧ ಗಂಟೆಯಂತೆ. ನಿಮ್ಮಮ್ಮನಿಗೆ ಬೆಳಿಗ್ಗೆಯಿಂದ ಒಂದು ಬನ್ನು ಬಿಟ್ರೆ ಏನೂ ಇಲ್ಲ. ಊಟ ಕೊಡಿ ಅಂತ ಕೇಳ್ತೀನಿ."

"ಏ, ಸುಮ್ನಿರೇ. ಎಲ್ರೂ ನೋಡ್ತಿದಾರೆ."

"ನೋಡ್ಲಿ! ಕಾಯಿಸಿದವರಿಗೆ ಇಲ್ಲದ ನಾಚಿಕೆ ಕಾದವರಿಗೆ ಯಾಕೆ?"

ಮಾತು ಸ್ವಲ್ಪ ಜೋರಾಗಿಯೇ ಬಂತು. ಗೋಡೆಗಳೆಲ್ಲ ಗಾಜು, ನೆಲವೆಲ್ಲ ಕಲ್ಲು. ಅವಳ ದನಿ ಕಾಫಿ ಅಂಗಡಿಯ ತನಕ ಹೋಗಿ ಮರಳಿತು. ಆಗ ಗಂಡ ಅವಳನ್ನು ಮೊಣಕೈಯಿಂದ ಹಿಂದೆ ಸರಿಸಿ, ಕೌಂಟರಿನ ಮೇಲೆ ಬಾಗಿ, ಹಲ್ಲು ಕಾಣುವ ಹಾಗೆ ನಕ್ಕ.

"ಬೇಜಾರು ಮಾಡ್ಕೋಬೇಡಿ ಮೇಡಂ. ಇವಳು ಬಸ್ ಕಂಡಕ್ಟರ್. ಬಾಯಿ ಸ್ವಲ್ಪ ಜೋರು."

ಟೈ ಕಟ್ಟಿದವನು ಈ ಸಲ ಬಾಯಿ ತುಂಬ ನಕ್ಕ. ಕೌಂಟರಿನ ಹುಡುಗಿ ನಗಲಿಲ್ಲ.

ರೈಟಕ್ಕ ತಿರುಗಿ ಬಂದು ಅತ್ತೆಯ ಪಕ್ಕ ಕೂತಳು. ಕಿವಿಯ ತುದಿ ಕಾದ ಹಂಚಿನಂತಾಗಿತ್ತು. ಆ ಬಾಯಿ ಜೋರಾಗಿದ್ದರಿಂದಲೇ ಅವನ ಅಪ್ಪನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತ್ತು. ಎರಡು ಸಲ ತಪ್ಪಿಹೋದ ಅವನ ಬಡ್ತಿಗೆ ಮೇಲಧಿಕಾರಿಯ ಕೋಣೆಯ ಮುಂದೆ ನಿಂತು ಮಾತಾಡಿದ್ದೂ ಅದೇ ಬಾಯಿ. ಅವತ್ತು "ನೀನೇ ಒಂದ್ಸಲ ಹೇಳಿ ನೋಡೇ" ಎಂದು ಮುಂದೆ ತಳ್ಳಿದವನು ಇವನೇ. ಬೇಕಾದಾಗ ಬಾಯಿ, ಬೇಡವಾದಾಗ ಕಂಡಕ್ಟರ್.

"ನಗ್ತಿದ್ರಲ್ಲ, ಏನು ಅಂದ ಅವನು?" ಎಂದು ಅತ್ತೆ ಕೇಳಿದರು. ಎಪ್ಪತ್ತು ದಾಟಿದ ಸಣ್ಣ ಜೀವ. ಮಡಿಲಲ್ಲಿ ಚೀಲ ಹಿಡಿದು ಗಾಜಿನಾಚೆಯ ವಿಮಾನಗಳನ್ನು ನೋಡುತ್ತ ಕೂತಿದ್ದರು. ಮನೆಯಲ್ಲೂ ಹೀಗೇ. ಹೂಂ ಅನ್ನುವುದು ಬಿಟ್ಟರೆ ಮಾತು ಕಡಿಮೆ.

"ಏನಿಲ್ಲ ಅತ್ತೆ. ನನ್ನ ಪರಿಚಯ ಮಾಡಿಕೊಟ್ರು."

ಸ್ವಲ್ಪ ಹೊತ್ತಿಗೆ ಕೌಂಟರಿನವಳು ಗಂಡನನ್ನು ಕೈಮಾಡಿ ಕರೆದಳು. ಹೋದವನು ಗೆದ್ದ ಮುಖ ಮಾಡಿಕೊಂಡು ಓಡುತ್ತಲೇ ಬಂದ.

"ನೋಡಿದ್ಯಾ! ನಯವಾಗಿ ಮಾತಾಡಿದ್ರೆ ಕೆಲಸ ಆಗುತ್ತೆ. ಈಗ ಹೊರಡೋ ಬೇರೆ ವಿಮಾನದಲ್ಲಿ ಎರಡೇ ಸೀಟು ಇತ್ತಂತೆ. ವಯಸ್ಸಾದವರು ಇದಾರೆ ಅಂತ ನಮಗೇ ಕೊಟ್ರು. ಏಳಮ್ಮ, ಏಳು, ಬೇಗ."

"ಎರಡಾ? ನಾವು ಮೂರು ಜನ," ಎಂದಳು ರೈಟಕ್ಕ.

"ನಾನು ಅಮ್ಮ ಹೋಗಿರ್ತೀವಿ. ನೀನು ನಾಳೆ ಬೆಳಿಗ್ಗೆಯದರಲ್ಲಿ ಬಾ. ನಿನಗೇನು, ದಿನಾ ನಿಂತು ಓಡಾಡಿ ಅಭ್ಯಾಸ."

"ನಾಳೆ ಸಂಜೆ ವಾಪಸ್ ಅಲ್ವೇನ್ರೀ?"

"ಹೌದು... ಆದ್ರೆ ನಾನು ಹೂಂ ಅಂದುಬಿಟ್ಟೆ. ನಮ್ಮಿಬ್ಬರ ಹೆಸರೂ ಹಾಕಿ ಆಯ್ತು."

ಬಸ್ಸಿನಲ್ಲಿ ಅವಳು ಇದನ್ನು ಎಷ್ಟು ಸಲ ಕಂಡಿದ್ದಳೋ. ಗಂಡಸು ಮುಂದೆ ನುಗ್ಗಿ ಸೀಟು ಹಿಡಿದು ಕೂತಿರುತ್ತಾನೆ, ಮಗು ಹೊತ್ತ ಹೆಂಡತಿ ಕಂಬ ಹಿಡಿದು ನಿಂತಿರುತ್ತಾಳೆ. "ಯಜಮಾನ್ರೇ, ಸ್ವಲ್ಪ ಏಳಿ," ಎಂದು ರೈಟಕ್ಕ ಎಬ್ಬಿಸುತ್ತಿದ್ದಳು. ಎದ್ದವರು ಮುಖ ಗಂಟು ಹಾಕುತ್ತಿದ್ದರು, ಆದರೆ ಏಳುತ್ತಿದ್ದರು. ಈಗ ಆ ಮಾತು ಗಂಟಲಿನ ತನಕ ಬಂದು ನಿಂತಿತು. ಹೇಳಿಸಿಕೊಳ್ಳದೆ ಏಳಬೇಕಾದವನಿಗೆ ಹೇಳಿ ಎಬ್ಬಿಸುವುದು ಎಂಥ ಬಾಳು ಎನಿಸಿ ಸುಮ್ಮನೆ ಅವನ ಮುಖ ನೋಡಿದಳು.

"ನಾನು ಬರಲ್ಲ," ಎಂದರು ಅತ್ತೆ.

"ಏನಮ್ಮಾ?"

"ಬರಲ್ಲ ಕಣೋ. ಕರ್ಕೊಂಡು ಹೊರಟಿದ್ದು ಅವಳು. ಅವಳನ್ನೇ ಬಿಟ್ಟು ಹೋಗೋದು ಅಂದ್ರೆ, ಮದುಮಗಳನ್ನ ಬೀದೀಲಿ ನಿಲ್ಲಿಸಿ ಊಟಕ್ಕೆ ಕೂತ ಹಾಗಾಯ್ತು."

"ಸರ್, ಗೇಟ್ ಮುಚ್ಚುತ್ತೆ!" ಎಂದು ಕೌಂಟರಿನಿಂದ ಕೂಗು ಬಂತು.

ಗಂಡ ಅತ್ತ ನೋಡಿದ, ಇತ್ತ ನೋಡಿದ. "ಈಗ ಬೇಡ ಅಂದ್ರೆ ಅವರು ಏನಂದ್ಕೋತಾರಮ್ಮ? ಪಾಪ, ಇಷ್ಟು ಮಾಡಿಕೊಟ್ಟಿದಾರೆ. ಅಲ್ಲಿ ರೂಮು ಬೇರೆ ಸುಮ್ನೆ ಹಾಳಾಗುತ್ತೆ."

"ಹಾಗಾದ್ರೆ ನೀನೇ ಹೋಗು," ಎಂದರು ಅತ್ತೆ.

ಅದು ಹೋಗೆಂದು ಹೇಳಿದ ಮಾತಲ್ಲ. ಹೊಡೆಯಲು ಎತ್ತಿದ ಕೈಯಂಥ ಮಾತು. ಆದರೆ ಅವನು ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ, ಕೌಂಟರನ್ನೊಮ್ಮೆ ನೋಡಿ, ಬಗ್ಗಿ ತನ್ನ ಚೀಲ ಎತ್ತಿಕೊಂಡ. "ರೂಮು ಹಾಳಾಗುತ್ತಲ್ಲ, ಅದಕ್ಕೆ ಅಷ್ಟೆ. ಮುಟ್ಟಿದ ತಕ್ಷಣ ಫೋನ್ ಮಾಡ್ತೀನಿ," ಎಂದು ಅರ್ಧ ನಡೆದು ಅರ್ಧ ಓಡಿ ಗಾಜಿನ ಬಾಗಿಲಿನಾಚೆ ಮಾಯವಾದ.

ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕೂತರು. ಯಾರಾದರೂ ಬಂದರೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಹೋದನೇನೇ?" ಎಂದರು ಅತ್ತೆ.

"ಹೋದ್ರು."

"ನಿಜವಾಗ್ಲೂ?"

"ನಿಜವಾಗ್ಲೂ ಅತ್ತೆ. ತಿರುಗೂ ನೋಡ್ಲಿಲ್ಲ."

ಅತ್ತೆ ಮಡಿಲ ಚೀಲವನ್ನು ಪಕ್ಕಕ್ಕಿಟ್ಟರು. ಆಮೇಲೆ, "ಕತ್ತೆ ನನ್ಮಗ," ಎಂದರು. ಮದುವೆಯಾಗಿ ಬಂದ ಮೇಲೆ ಅವರ ಬಾಯಲ್ಲಿ ರೈಟಕ್ಕ ಕೇಳಿದ ಮೊದಲ ಬೈಗುಳ ಅದು. ಅಂದಮೇಲೆ ಅವರಿಗೇ ಏನೋ ಹೊಳೆಯಿತು. "ನನ್ಮಗ ಅನ್ನೋದರಲ್ಲಿ ಬೈಗುಳ ಏನು ಬಂತು, ಇದ್ದದ್ದೇ ಅಲ್ವೇ," ಎಂದು ಸೇರಿಸಿದರು.

ರೈಟಕ್ಕನಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ಮತ್ತೆ ಉಕ್ಕಿತು.

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಈ ದಿನದ ವಿಮಾನ ರದ್ದು, ನಾಳೆ ಬೆಳಿಗ್ಗೆ ಬೇರೆ. ಅಷ್ಟು ಹೇಳಲು ಇಡೀ ದಿನ ಬೇಕಾಯಿತು! ಜನ ಕೌಂಟರಿಗೆ ಮುತ್ತಿದರು. ಮಗುವನ್ನು ಹೊತ್ತ ತಾಯಿ, ಊರುಗೋಲಿನ ಮುದುಕ, ಟೈ ಸಡಿಲಿಸಿಕೊಂಡ ಆ ನಗೆಯವನು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹುಡುಗಿಯ ಹಿಂದಿನ ಕೋಣೆಯಿಂದ ಕೋಟು ತೊಟ್ಟ ಮ್ಯಾನೇಜರ್ ಇಣುಕಿದವನು, ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅದನ್ನು ನೋಡಿದ್ದೇ ರೈಟಕ್ಕ ಎದ್ದಳು.

"ನಿಲ್ಲಿ!" ಎಂದಳು. ಕಾಫಿ ಅಂಗಡಿಯವನೂ ನಿಂತ. "ಮಕ್ಕಳೊಂದಿಗರು, ವಯಸ್ಸಾದವರು ಮುಂದೆ. ಬಾಕಿಯವರು ಹಿಂದೆ. ಒಬ್ಬೊಬ್ಬರಾಗಿ. ಟೈ ಯಜಮಾನ್ರೇ, ನೀವೂ!"

ಜನ ಸಾಲಾದರು. ಹುಡುಗಿ ಅತ್ತು ಕಣ್ಣು ಕೆಂಪಾಗಿಸಿಕೊಂಡು ಕೂತಿದ್ದಳು. ರೈಟಕ್ಕ ಅವಳತ್ತ ಬಾಗಿ ದನಿ ತಗ್ಗಿಸಿದಳು. "ಬೆಳಿಗ್ಗೆಯಿಂದ ನೀನೊಬ್ಳೇ ಇದೀಯಲ್ಲಮ್ಮ, ಬೇರೆ ಯಾರೂ ಬರಲ್ವಾ?"

"ಬರ್ಬೇಕಿತ್ತು, ಬಂದಿಲ್ಲ," ಎಂದಳು ಹುಡುಗಿ. ಮೇಡಂ ಎನ್ನುವುದು ಮರೆತಿತ್ತು.

"ಬೈಸ್ಕೊಳ್ಳೋಕೆ ಅಂತಲೇ ಒಬ್ಬಳನ್ನ ಮುಂದೆ ನಿಲ್ಲಿಸಿರ್ತಾರೆ. ನನಗೆ ಗೊತ್ತು. ಹೋಗು, ಒಳಗಿರೋ ಪುಣ್ಯಾತ್ಮನ್ನ ಕರಿ. ನಾನು ಕರೀತೀನಿ ಅಂತ ಹೇಳು."

ಮ್ಯಾನೇಜರ್ ಬಂದ. ಪರಊರಿನವರಿಗೆ ಹೋಟೆಲಿನಲ್ಲಿ ರೂಮು, ಊಟ ಕೊಡುತ್ತೇವೆ, ಇದೇ ಊರಿನವರು ದಯವಿಟ್ಟು ಮನೆಗೆ ಹೋಗಿ ನಾಳೆ ಬನ್ನಿ ಎಂದು ಒಪ್ಪಿಸಿದ.

"ಮನೆಗೆ ಹೋಗೋಕೆ ಬೀಗದ ಕೈ ಬೇಕಲ್ಲ ಸ್ವಾಮಿ," ಎಂದಳು ರೈಟಕ್ಕ.

"ನಿಮ್ಮ ಬೀಗದ ಕೈಗೂ ನಮಗೂ ಏನು ಸಂಬಂಧ ಮೇಡಂ?"

"ಇದೆ. ಅದು ನಮ್ಮ ಯಜಮಾನರ ಜೇಬಲ್ಲಿದೆ. ಯಜಮಾನರು ನಿಮ್ಮ ವಿಮಾನದಲ್ಲಿದಾರೆ. ಮೂವರಿಗೆ ಟಿಕೆಟ್ ಕೊಟ್ಟು ಒಬ್ಬರನ್ನ ಹೊತ್ಕೊಂಡು ಹೋದವರು ನೀವು. ಒಂದೋ ಕೈ ತರಿಸಿಕೊಡಿ, ಇಲ್ಲ ಮಲಗೋಕೆ ಜಾಗ ಕೊಡಿ."

"ಅದಕ್ಕೆ ನಿಯಮ ಇಲ್ಲ ಮೇಡಂ."

"ಸರಿ, ನಿಯಮ ಬರೋ ತನಕ ಕೂತಿರ್ತೀವಿ," ಎಂದು ಅವಳು ಕೌಂಟರಿನ ಮುಂದೆಯೇ ನೆಲದ ಮೇಲೆ ಕೂತಳು. ಅತ್ತೆಯೂ ಬಂದು, ಮಂಡಿ ಹಿಡಿದುಕೊಂಡು, ಪಕ್ಕದಲ್ಲಿ ಕೂತರು. ಸಾಲು ಅಲ್ಲಿಗೇ ನಿಂತಿತು. ಮುಂದಕ್ಕೆ ಹೋಗಬೇಕೆಂದರೆ ಎಪ್ಪತ್ತು ದಾಟಿದ ಮುದುಕಿಯನ್ನು ದಾಟಬೇಕು. ಊರುಗೋಲಿನ ಮುದುಕ, "ಕೊಟ್ಟುಬಿಡ್ರಿ, ನಿಮ್ಮ ಗಂಟೇನು ಹೋಗುತ್ತೆ," ಎಂದ. ಮ್ಯಾನೇಜರ್ ಒಂದು ಸಲ ಪೊಲೀಸರನ್ನು ಕರೆಯುವವನ ಹಾಗೆ ಫೋನ್ ಎತ್ತಿದ. ಸಾಲಿನವರೆಲ್ಲ ಅವನನ್ನೇ ನೋಡುತ್ತಿದ್ದರು. ಆ ಫೋನಿನಲ್ಲೇ ಹೋಟೆಲಿಗೆ ಇನ್ನೊಂದು ರೂಮು ಹೇಳಿದ.

ಆ ಹೋಟೆಲಿನ ರೂಮಿನಲ್ಲಿ ಊಟ ಮಾಡಿ ಮಲಗುವ ಮುಂಚೆ ಗಂಡನ ಫೋನು ಎರಡು ಸಲ ಬಂತು. ಅವಳು ಎತ್ತಲಿಲ್ಲ. ಆಮೇಲೆ ಒಂದು ಫೋಟೊ ಬಂತು. ಕತ್ತಲಲ್ಲಿ ತೆಗೆದದ್ದು. ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಮಸಿ ಚೆಲ್ಲಿದ ಹಾಗೆ. ಕೆಳಗೆ 'ಸಮುದ್ರ' ಎಂದು ಬರೆದಿದ್ದ.

ಬೆಳಿಗ್ಗೆ ಎದ್ದಾಗ ಅತ್ತೆ ಕಿಟಕಿಯ ಹತ್ತಿರ ನಿಂತಿದ್ದರು.

"ಬೆಳಗಿನ ವಿಮಾನಕ್ಕೆ ಹೋಗೋದು ಬೇಡ ಅತ್ತೆ," ಎಂದಳು ರೈಟಕ್ಕ. "ಹೋಗಿ ಮುಖ ತೊಳೆದು ವಾಪಸ್ ಬರೋಕಾ? ಅವರಿಗೆ ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತೀನಿ. ಮಧ್ಯಾಹ್ನದ ತನಕ ರೂಮು ನಮ್ಮದೇ. ಹಾಯಾಗಿ ಇರೋಣ."

ಅತ್ತೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಕೆಳಗಿರೋ ಆ ನೀರು ಯಾರದೇ?" ಎಂದರು.

ರೈಟಕ್ಕ ಬಂದು ನೋಡಿದಳು. ಅಂಗಳದಲ್ಲಿ ನೀಲಿ ಹಾಸುಗಲ್ಲಿನ ಈಜುಕೊಳ. ಸುತ್ತ ಬಿಳಿ ಕುರ್ಚಿಗಳು. ಒಂದು ನರಪಿಳ್ಳೆಯೂ ಇರಲಿಲ್ಲ.

"ಹೋಟೆಲಿನದು ಅತ್ತೆ."

"ಇಳೀಬಹುದಾ?"

"ರೂಮಲ್ಲಿ ಇರೋರು ಇಳೀಬಹುದೇನೋ."

"ನಾವು ರೂಮಲ್ಲೇ ಇದೀವಲ್ಲ."

ಕಾಲು ಇಳಿಬಿಟ್ಟು ಕೂರುವ ಆಸೆಯೇನೋ ಎಂದುಕೊಂಡು ರೈಟಕ್ಕ ಅವರನ್ನು ಕೆಳಗೆ ಕರೆದುಕೊಂಡು ಹೋದಳು. ಅತ್ತೆ ನೈಟಿಯಲ್ಲೇ ಬಂದಿದ್ದರು. ದಡದಲ್ಲಿ ಚಪ್ಪಲಿ ಬಿಟ್ಟರು, ಕನ್ನಡಕ ತೆಗೆದು ಚಪ್ಪಲಿಯೊಳಗೆ ಇಟ್ಟರು, ನೈಟಿಯ ಅಂಚು ಸೇರಿಸಿ ಮಂಡಿಯ ಹತ್ತಿರ ಬಿಗಿಯಾಗಿ ಗಂಟು ಹಾಕಿದರು. ಏಣಿ ಹಿಡಿದು ಇಳಿಸೋಣವೆಂದು ರೈಟಕ್ಕ ಫೋನನ್ನು ದಡದ ಮೇಲಿಟ್ಟು ಕೈಚಾಚುವಷ್ಟರಲ್ಲಿ ಅತ್ತೆ ನೀರಿನಲ್ಲಿದ್ದರು. ತಲೆ ಮುಳುಗಿತು.

"ಅತ್ತೇ!"

ಆ ಕೂಗಿಗೆ ಮೇಲಿನ ಮಹಡಿಯಲ್ಲಿ ಎರಡು ಕಿಟಕಿ ತೆರೆದವು. ಈಜು ಬಾರದ ರೈಟಕ್ಕ ಏನೂ ಯೋಚಿಸದೆ ಉಟ್ಟ ಬಟ್ಟೆಯಲ್ಲೇ ಏಣಿ ಇಳಿದು ಸೊಂಟಮಟ್ಟದ ನೀರಿನಲ್ಲಿ ತಡಕಾಡಿದಳು. ಅಷ್ಟರಲ್ಲಿ ಕೊಳದ ನಟ್ಟನಡುವೆ ಅತ್ತೆಯ ಬಿಳಿ ತಲೆ ಮೇಲೆ ಬಂತು. ಬಾಯಿಂದ ಪಿಚಕ್ಕನೆ ನೀರು ಉಗುಳಿ, ಒಂದು ಕೈ ಮುಂದೆ ಒಂದು ಕೈ ಹಿಂದೆ ಹಾಕುತ್ತ, ಆಚೆ ದಡ ಮುಟ್ಟಿ, ಅಷ್ಟೇ ಸಲೀಸಾಗಿ ತಿರುಗಿ ಬಂದರು.

ರೈಟಕ್ಕ ಎರಡೂ ಕೈಯಲ್ಲಿ ಏಣಿಯ ಕಂಬಿ ಹಿಡಿದಿದ್ದಳು. "ಜೀವ ಬಾಯಿಗೆ ಬಂತು ನನಗೆ! ಎಲ್ಲಿ ಕಲಿತ್ರಿ ಇದನ್ನ?"

"ತವರಲ್ಲಿ. ಮನೆ ಹಿಂದೆ ದೊಡ್ಡ ಕಾಲುವೆ ಇತ್ತು. ಗಂಡುಮಕ್ಕಳು ಸೇತುವೆ ಮೇಲಿಂದ ಹಾರೋಕೆ ಹೆದರ್ತಿದ್ರು. ನಾನು ಹಾರ್ತಿದ್ದೆ." ಅತ್ತೆ ಏದುಸಿರು ಬಿಡುತ್ತಿದ್ದರು. "ಕೈ ಸೋಲುತ್ತೆ ಈಗ. ಆದ್ರೂ ಮರೆತಿಲ್ಲ ನೋಡು."

"ಇಷ್ಟು ವರ್ಷ ಒಂದ್ ಮಾತೂ ಹೇಳ್ಲಿಲ್ವಲ್ಲ ಅತ್ತೆ!"

"ಯಾರು ಕೇಳಿದ್ರು?"

"ಮದುವೆ ಆದ್ಮೇಲೆ ಬೇಡ ಅಂದ್ರಾ?"

"ಬೇಡ ಅಂದಿದ್ರೆ ಜಗಳ ಆಡಬಹುದಿತ್ತು. ಯಾರೂ ಏನೂ ಅನ್ಲಿಲ್ಲ," ಎಂದು ಹೇಳಿ, ಅತ್ತೆ ಮತ್ತೆ ಗೋಡೆ ಒದ್ದು ಹೊರಟರು.

ರೈಟಕ್ಕನ ಬಸ್ಸಿನ ದಾರಿಯಲ್ಲಿ ಊರಿನ ಈಜುಕೊಳದ ಸ್ಟಾಪೊಂದಿತ್ತು. ದಿನಕ್ಕೆ ಎಷ್ಟೋ ಸಲ ಅಲ್ಲಿ ನಿಲ್ಲಿಸಿ, "ಈಜುಕೊಳ ಯಾರ್ರೀ, ಈಜುಕೊಳ!" ಎಂದು ಗಂಟಲು ಹರಿಯುವ ಹಾಗೆ ಕೂಗಿದ್ದಳು. ಸಂಜೆ ಮನೆಗೆ ಬಂದಾಗ ಈ ಹೆಂಗಸು ಬಾಗಿಲು ತೆಗೆದು, ಕಾಫಿ ಕೊಟ್ಟು, ಹೂಂ ಅನ್ನುತ್ತ ಕೂರುತ್ತಿತ್ತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅವಳು ಅಂಗೈಯಿಂದ ನೀರಿಗೆ ಫಟಾರನೆ ಹೊಡೆದಳು. ನೀರು ಅವಳ ಮುಖಕ್ಕೇ ಸಿಡಿಯಿತು.

ದಡದ ಮೇಲಿಟ್ಟ ಫೋನು ಬಡಿದುಕೊಳ್ಳತೊಡಗಿತು. ಈ ಸಲ ಎತ್ತಿದಳು.

"ಏನೇ, ಫೋನೇ ಎತ್ತಲ್ವಲ್ಲ! ನೀವು ಹೊರಟ್ರೋ ಇಲ್ವೋ ಗೊತ್ತಿಲ್ಲ. ಇಲ್ಲಿ ನೋಡಿದ್ರೆ ಸಂಜೆಯ ವಿಮಾನವೂ ರದ್ದಂತೆ. ನಾಳೆ ಅಂತಾರೆ. ರೂಮಿಂದು ಮಧ್ಯಾಹ್ನಕ್ಕೆ ಮುಗಿಯುತ್ತೆ. ನಾನೇನು ಮಾಡ್ಲಿ?"

"ಅವರ ಆಫೀಸಿಗೆ ಹೋಗಿ ರೂಮು ಕೇಳಿ."

"ಹೇಗೆ ಕೇಳೋದು?"

"ಬಾಯಿಂದ," ಎಂದಳು ರೈಟಕ್ಕ.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ನೀನೇ ಒಂದ್ಸಲ ಅವರಿಗೆ ಫೋನ್ ಮಾಡಿ ಹೇಳೇ."

"ಇಲ್ಲ. ಇನ್ನೊಂದು ಮಾತು. ಮನೆ ಬೀಗ ಇವತ್ತು ಒಡೆಸ್ತೀನಿ. ಹೊಸ ಬೀಗ ಹಾಕಿಸ್ತೀನಿ. ಒಂದು ಕೈ ನನ್ನ ಹತ್ರ, ಒಂದು ಕೈ ಅತ್ತೆ ಹತ್ರ ಇರುತ್ತೆ. ನೀವು ಬಂದಾಗ ಬಾಗಿಲು ತಟ್ಟಿ."

"ಏನು ಮಾತು ಅಂತ ಆಡ್ತೀಯೇ! ಅಮ್ಮ ಎಲ್ಲಿ? ಅಮ್ಮನಿಗೆ ಕೊಡು."

ರೈಟಕ್ಕ ಕೊಳದ ಕಡೆ ನೋಡಿದಳು. "ಅವರು ಕೆಲಸದಲ್ಲಿದಾರೆ," ಎಂದು ಹೇಳಿ ಫೋನನ್ನು ಕವುಚಿಟ್ಟಳು.

ಹೋಟೆಲಿನವನೊಬ್ಬ ತೋಳಿನ ಮೇಲೆ ಟವೆಲ್ಲುಗಳನ್ನು ಹೇರಿಕೊಂಡು ಧಾವಿಸಿ ಬಂದ. ದಪ್ಪ ಮೀಸೆಯ, ನಡುವಯಸ್ಸಿನ ಆಳು. "ಈಜುಡುಗೆ ಇಲ್ದೆ ಇಳಿಯೋ ಹಾಗಿಲ್ಲಮ್ಮ! ಬೋರ್ಡ್ ಇದೆ, ನೋಡಿ! ಆ ಅಜ್ಜಿನ ಮೇಲೆ ಕರೀರಿ."

"ನೀವೇ ಕರೀರಿ," ಎಂದಳು ರೈಟಕ್ಕ. ಜೋರಾಗಿ ಹೇಳಲಿಲ್ಲ.

ಅವನು ಕರೆಯಲು ಬಾಯಿ ತೆರೆದ. ಅತ್ತೆ ಅಂಗಾತ ಮಲಗಿ, ಕಿವಿ ನೀರಿನೊಳಗಿಟ್ಟು, ಬರೀ ಪಾದಗಳನ್ನಾಡಿಸುತ್ತ ಅವನ ಕಾಲಬುಡದಲ್ಲೇ ಹಾದುಹೋದರು. ಅವನು ಬಾಯಿ ಮುಚ್ಚಿ, ಒಂದು ಟವೆಲ್ಲನ್ನು ಬಿಡಿಸಿ, ಕುರ್ಚಿಯ ಬೆನ್ನಿಗೆ ಹಾಕಿ ಅಲ್ಲೇ ನಿಂತ.

ರೈಟಕ್ಕ ಕಂಬಿಯ ಮೇಲಿನ ಒಂದು ಕೈ ತೆಗೆದಳು. ಕೊಳದ ಆ ತುದಿಯಲ್ಲಿ ಅತ್ತೆ ಗೋಡೆ ಹಿಡಿದು ನಿಂತು, ಅಂಗೈಯಿಂದ ಮುಖ ಒರೆಸಿಕೊಂಡು, ಕನ್ನಡಕವಿಲ್ಲದ ಕಣ್ಣು ಕಿರಿದಾಗಿಸಿ ನೀರಿನ ಉದ್ದವನ್ನು ಒಮ್ಮೆ ಅಳೆದರು. ಆಮೇಲೆ ಎರಡೂ ಪಾದಗಳನ್ನು ಗೋಡೆಗೆ ಊರಿದರು.